ದಂಡ ಕಟ್ಟಿದರೆ ಮುಗಿಯಿತೇ?

ನಮ್ಮ ಬೇಗಾರಿನ ಕಡೆ ಮದುವೆ, ಗೃಹಪ್ರವೇಶ ಮುಗಿಸಿ, ಕುಡಿದು ರಾತ್ರಿ ಬೈಕ್ ಹತ್ತುವವರಲ್ಲಿ ಒಂದು ನಂಬಿಕೆಯಿದೆ: ಪೊಲೀಸರು ಹಿಡಿದರೆ ಅಲ್ಲೇ ಒಂದಿಷ್ಟು ದಂಡ ಕಟ್ಟಿ ಹೊರಡಬಹುದು. ಹಾಗಿಲ್ಲ ಮಾರಾಯ್ರೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಕೇಸು ಕೋರ್ಟಿಗೇ ಹೋಗುತ್ತದೆ.

100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿ ಮದ್ಯದ ಅಂಶವಿದ್ದರೆ ಅಪರಾಧ. ಇದು ಬಹಳ ಸಣ್ಣ ಪ್ರಮಾಣ. 'ನಂಗೇನೂ ಏರಿಲ್ಲ' ಅನ್ನುವ ಲೆಕ್ಕ ಉಸಿರು ಪರೀಕ್ಷೆಯ ಯಂತ್ರಕ್ಕೆ ತಿಳಿಯುವುದಿಲ್ಲ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ. ಲೈಸೆನ್ಸ್ ಅಮಾನತಾಗುವುದೂ ಉಂಟು.

ಊದುವುದಿಲ್ಲ ಎಂದು ಹಟ ಹಿಡಿಯುವುದು ಜಾಣತನವಲ್ಲ. ಕುಡಿದಿರುವ ಅನುಮಾನವಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸಬಹುದು; ಸಕಾರಣವಿಲ್ಲದ ನಿರಾಕರಣೆಯೇ ನಿಮ್ಮ ವಿರುದ್ಧದ ಸಾಕ್ಷ್ಯವಾದೀತು. ಕುಡಿದವನೆಂದು ಗೊತ್ತಿದ್ದೂ 'ಹೊಡಿ ಗಾಡಿ' ಎಂದು ಹುರಿದುಂಬಿಸಿದ ಗೆಳೆಯನಿಗೂ, 188ನೇ ಕಲಮಿನಡಿ, ಅದೇ ಶಿಕ್ಷೆ. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ನಮ್ಮ ರಸ್ತೆಯ ತಿರುವುಗಳಲ್ಲಿ ಕುಡಿದವನ ಗಾಡಿಗೆ ಸಿಕ್ಕಿ ಯಾರಾದರೂ ಸತ್ತರೆ ಮಾತೇ ಬೇರೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಜೈಲಾಗಬಹುದು. ವಿಮಾ ಕಂಪನಿ ನಿಮ್ಮ ಗಾಡಿಯ ರಿಪೇರಿಗೆ ಕೈಯೆತ್ತುತ್ತದೆ. ಸತ್ತವರ ಮನೆಯವರಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲು ಮಾಡಲು ಕೋರ್ಟು ಅನುಮತಿಸಿದ ಪ್ರಕರಣಗಳೂ ಇವೆ. ಅಡಿಕೆ ತೋಟ ಅಡವಿಡುವ ಮೊತ್ತ ಅದು. ಕುಡಿಯುವುದು ಖಚಿತವಾದ ಕಾರ್ಯಕ್ಕೆ ಹೋಗುವಾಗಲೇ ಆಟೋದವನ ನಂಬರ್ ಇಟ್ಟುಕೊಳ್ಳಿ, ಇಲ್ಲವೇ ಅಲ್ಲೇ ಚಾಪೆ ಕೇಳಿ.