ಬಡವರಿಗಾಗಿ ಬರೆಯುವ ಉದ್ಯೋಗ

“ಪತ್ರಿಕೋದ್ಯಮ ಓದಿ, ಬಡವರ ಪರ ದುಡಿಯುವ ಸಂಸ್ಥೆಗೆ ಸೇರುತ್ತೇನೆ” ಎಂದು ಮಗಳು ಹೇಳಿದರೆ ನಾವು ಕೇಳುವ ಮೊದಲ ಪ್ರಶ್ನೆ ಸಂಬಳ ಎಷ್ಟು ಎಂಬುದೇ. ತಪ್ಪಲ್ಲ, ಸಂಸಾರ ನಡೆಯಬೇಕಲ್ಲ! ಆದರೂ ಪ್ರಿಯ ತಂದೆತಾಯಿಗಳೇ, ಬೇಡ ಎನ್ನುವ ಮುಂಚೆ ಡಾರತಿ ಡೇ ಅವರ ಬದುಕನ್ನು ಮಕ್ಕಳೊಡನೆ ಕುಳಿತು ನೋಡಿರಿ.

1897ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಡಾರತಿ, ಎಳೆಯ ವಯಸ್ಸಿನಲ್ಲೇ ಸಮಾಜವಾದಿ ಪತ್ರಿಕೆಗಳ ವರದಿಗಾರ್ತಿ. ಮಗಳು ಹುಟ್ಟಿದ ಮರುವರ್ಷ, 1927ರಲ್ಲಿ, ದೀಕ್ಷಾಸ್ನಾನ ಪಡೆದರು. 1932ರ ಡಿಸೆಂಬರಿನಲ್ಲಿ ಕೆಲಸವಿಲ್ಲದವರು ವಾಷಿಂಗ್ಟನ್ನಿಗೆ ನಡೆಸಿದ ಹಸಿವಿನ ಜಾಥಾದ ವರದಿಗೆ ಹೋದರು. ಹಳೆಯ ಗೆಳೆಯರು ಬಡವರೊಡನೆ ನಡೆಯುತ್ತಿದ್ದಾರೆ. ತಾನು ರಸ್ತೆಬದಿಯಲ್ಲಿ ನಿಂತು ನೋಡುತ್ತಿದ್ದೇನೆ! ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ತನಗಿರುವ ಪ್ರತಿಭೆಯನ್ನು ಬಡವರಿಗಾಗಿ ಬಳಸುವ ದಾರಿ ತೋರು ಎಂದು ಅಲ್ಲಿನ ದೇವಾಲಯದಲ್ಲಿ ಕಣ್ಣೀರಿಟ್ಟು ಬೇಡಿದರು. ಮನೆಗೆ ಮರಳಿದಾಗ ಪೀಟರ್ ಮೋರಿನ್ ಎಂಬ ಫ್ರೆಂಚ್ ಮೂಲದವರು ಕಾಯುತ್ತಿದ್ದರು. ಪತ್ರಿಕೆ ಹೊರಡಿಸಿರಿ ಎಂದವರು ಅವರೇ.

1933ರ ಮೇ 1ರಂದು ‘ಕ್ಯಾಥೊಲಿಕ್ ವರ್ಕರ್’ ಬೀದಿಗೆ ಬಂತು. 2,500 ಪ್ರತಿ, ಬೆಲೆ ಒಂದು ಸೆಂಟ್. ಕೆಲವೇ ವರ್ಷಗಳಲ್ಲಿ ಪ್ರಸಾರ ಲಕ್ಷ ದಾಟಿತು. ಮನೆಯಿಲ್ಲದವರಿಗೆ ಆಶ್ರಯ ಕೊಡಬೇಕೆಂದು ಪತ್ರಿಕೆಯಲ್ಲಿ ಬರೆದದ್ದೇ ತಡ, ಅಂಥವರು ಬಾಗಿಲಿಗೇ ಬಂದರು. ಸಂಪಾದಕಿ ಬಾಡಿಗೆಗೆ ಮನೆ ಹಿಡಿದು ಸೂಪು ಬಡಿಸಬೇಕಾಯಿತು. ಬರೆಯುವವರಿಗೆ ಇಂಥ ಪರೀಕ್ಷೆ ಬರುವುದು ಒಳ್ಳೆಯದೇ.

ಇನ್ನೂ ಕಠಿಣವಾದದ್ದು ಎರಡನೇ ಮಹಾಯುದ್ಧದಲ್ಲಿ ಬಂತು. ಯುದ್ಧ ಶುಭಸಂದೇಶಕ್ಕೆ ಒಪ್ಪುವುದಿಲ್ಲ ಎಂದು ಬರೆದದ್ದಕ್ಕೆ ಸಾವಿರಾರು ಓದುಗರು ದೂರವಾದರು. ಸಹಕಾರ್ಯಕರ್ತರಲ್ಲೂ ಒಡಕು ಉಂಟಾಯಿತು. ಡಾರತಿ ಮಾತು ಬದಲಿಸಲಿಲ್ಲ. 1980ರಲ್ಲಿ ತೀರಿಕೊಂಡ ಅವರನ್ನು ಧರ್ಮಸಭೆ ಇಂದು ‘ದೇವರ ಸೇವಕಿ’ ಎಂದು ಕರೆಯುತ್ತದೆ.

ಇಂದು ಈ ಕೆಲಸದಲ್ಲಿ ವರದಿ, ಪತ್ರಿಕಾ ಹೇಳಿಕೆ, ಫೋಟೋ, ವಿಡಿಯೋ ಎಲ್ಲವೂ ಇವೆ. ಸಂಬಳವೂ ಉಂಟು, ವ್ಯಾಪಾರಿ ಕಂಪನಿಗಳಷ್ಟು ಸಾಮಾನ್ಯವಾಗಿ ಇರದು. ಆದರೆ ಇಲ್ಲಿ ಬೇರೊಂದು ಶೋಧನೆ ಕಾದಿರುತ್ತದೆ. ಅಳುವ ಮಗುವಿನ ಚಿತ್ರ ತೋರಿಸಿದರೆ ದಾನ ಬೇಗ ಬರುತ್ತದೆ. ಆ ಮಗುವಿನ ತಾಯಿಯನ್ನು ಕೇಳಿದಿರಾ? ನಾಳೆ ಶಾಲೆಯಲ್ಲಿ ಅದನ್ನು ಆಡಿಕೊಂಡರೆ? ಕೇಳದೆ ತೆಗೆದ ಚಿತ್ರದಿಂದ ಎಷ್ಟೇ ಹಣ ಬರಲಿ, ಅದು ನ್ಯಾಯದ ಸೇವೆಯೆಂದು ನನಗನಿಸುವುದಿಲ್ಲ.

ಮಗಳಿಗೆ ಈ ವಾರ ಒಂದು ಕೆಲಸ ಕೊಡಿರಿ. ನಿಮ್ಮ ಬೀದಿ ಗುಡಿಸುವ ಅಮ್ಮನೊಡನೆ ಮಾತಾಡಿ ಒಂದು ಪುಟ ಬರೆಯಲಿ. ಬರೆದದ್ದನ್ನು ಮೊದಲು ಆ ಅಮ್ಮನಿಗೇ ಓದಿ ಹೇಳಲಿ. ಅವರು ಬೇಡವೆಂದ ಸಾಲನ್ನು ಹೊಡೆದುಹಾಕಿ, ಆಮೇಲೆ ನಿಮಗೆ ತೋರಿಸಲಿ.