ಬಟನ್ ಒತ್ತಿದರೆ ‘ಟಿಕ್ ಟಿಕ್’, ಗಾಡಿ ಮಾತ್ರ ಏಳುವುದಿಲ್ಲ



ಕಳೆದ ಮಳೆಗಾಲದಲ್ಲಿ ನಮ್ಮ ಪ್ರೇರಕರೊಬ್ಬರು ಸಂಘದ ಸಭೆ ಮುಗಿಸಿ ರಾತ್ರಿ ಏಳೂವರೆಗೆ ಹೊರಟರು. ಬೈಕಿನ ಸೆಲ್ಫ್ ಬಟನ್ ಒತ್ತಿದರೆ ‘ಟಿಕ್ ಟಿಕ್ ಟಿಕ್’ ಅಂತ ಸದ್ದು ಬಂತೇ ಹೊರತು ಎಂಜಿನ್ ತಿರುಗಲಿಲ್ಲ. ಆ ಗಾಡಿಗೆ ಕಿಕ್ಕರ್ ಇಲ್ಲ. ಮಳೆಯಲ್ಲಿ ಮೂರು ಕಿಲೋಮೀಟರ್ ತಳ್ಳಿಕೊಂಡು ಬಂದರು ಪಾಪ. ಮರುದಿನ ಪೇಟೆಯ ಗ್ಯಾರೇಜಿನಲ್ಲಿ “ಬ್ಯಾಟ್ರಿ ಹೋಗಿದೆ” ಎಂದು ಹೇಳಿ ಹೊಸದನ್ನು ಹಾಕಿದರು. ಸಂಘದ ಸಾಲದ ಕಂತಿಗೆಂದು ಇಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು. ಎಂಟು ದಿನಕ್ಕೆ ಮತ್ತೆ ಅದೇ ಟಿಕ್ ಟಿಕ್!

ಆಗ ಗಾಡಿಯನ್ನು ನಮ್ಮ ತರಬೇತಿ ಕೇಂದ್ರಕ್ಕೆ ತಂದರು. ಎರಡನೇ ತಂಡದ ಹುಡುಗಿಯೊಬ್ಬಳು ಮೀಟರ್ ಹಿಡಿದು ಹತ್ತು ನಿಮಿಷ ನೋಡಿ, “ಸಿಸ್ಟರ್, ಬ್ಯಾಟ್ರಿ ಸರಿ ಉಂಟು, ಕರೆಂಟು ವಾಪಸ್ ಬರುವ ದಾರಿ ಸರಿ ಇಲ್ಲ” ಅಂದಳು. ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್‌ಗೆ ಬರುವ ಅರ್ತ್ ವಯರಿನ ತುದಿಯಲ್ಲಿ ಬೋಲ್ಟು ಸಡಿಲವಾಗಿತ್ತು, ಸುತ್ತ ಹಸಿರು ಕಿಲುಬು ಕಟ್ಟಿತ್ತು. ಬಿಚ್ಚಿ ಉಜ್ಜಿ ಬಿಗಿ ಮಾಡಿದಳು, ಅಷ್ಟೇ. ಹೊಸ ಬ್ಯಾಟರಿ ಕೂರಿಸುವಾಗ ವಯರ್ ಅಲುಗಿ ಸ್ವಲ್ಪ ಸಂಪರ್ಕ ಸಿಕ್ಕಿದ್ದರಿಂದ ಎಂಟು ದಿನ ಓಡಿತ್ತು.

ಅವಳು ಹೇಗೆ ಕಂಡುಹಿಡಿದಳು ಎಂಬುದೇ ಈ ತಿಂಗಳ ಪಾಠ. ನಾನು ಓದಿದ್ದು ಸಮಾಜ ಕಾರ್ಯ, ಮೆಕ್ಯಾನಿಕ್ ಕೆಲಸವಲ್ಲ. ಆದರೆ ನಮ್ಮ ಶಿಕ್ಷಕರು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ಕಲಿತಿದ್ದೇನೆ, ಕೈ ಮಸಿ ಮಾಡಿಕೊಂಡೂ ನೋಡಿದ್ದೇನೆ.

ಮೊದಲು ದಾರಿ ತಿಳಿಯಿರಿ

ಸೆಲ್ಫ್ ಸ್ಟಾರ್ಟಿನಲ್ಲಿ ಕರೆಂಟು ಹರಿಯುವ ದಾರಿ ಎರಡು. ಒಂದು ದಪ್ಪ ವಯರಿನ ದಾರಿ: ಬ್ಯಾಟರಿಯ ಪಾಸಿಟಿವ್‌ನಿಂದ ಸ್ಟಾರ್ಟರ್ ರಿಲೇಗೆ, ಅಲ್ಲಿಂದ ಸ್ಟಾರ್ಟರ್ ಮೋಟರಿಗೆ, ಮೋಟರಿನಿಂದ ಎಂಜಿನ್ ಲೋಹದ ಮೂಲಕ ಅರ್ತ್ ವಯರಿಗೆ, ಮತ್ತೆ ಬ್ಯಾಟರಿಯ ನೆಗೆಟಿವ್‌ಗೆ. ಇದರಲ್ಲಿ ಹತ್ತಾರು ಆಂಪಿಯರ್ ಕರೆಂಟು ಹರಿಯುತ್ತದೆ. ಇನ್ನೊಂದು ತೆಳು ವಯರಿನ ದಾರಿ: ಫ್ಯೂಸ್, ಬೀಗದ ಸ್ವಿಚ್, ಎಂಜಿನ್ ಸ್ಟಾಪ್ ಸ್ವಿಚ್, ಸೆಲ್ಫ್ ಬಟನ್, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್, ಇವುಗಳ ಮೂಲಕ ರಿಲೇಯ ಒಳಗಿನ ಸುರುಳಿಗೆ. ಇಲ್ಲಿ ಹರಿಯುವುದು ಸ್ವಲ್ಪವೇ ಕರೆಂಟು. ಕೆರೆಯ ತೂಬಿನ ಹಾಗೆ ಅಂದುಕೊಳ್ಳಿ. ತೂಬು ಎತ್ತುವುದಕ್ಕೆ ಒಬ್ಬನ ಕೈ ಸಾಕು, ಎತ್ತಿದ ಮೇಲೆ ಹರಿಯುವುದು ಇಡೀ ಕಾಲುವೆಯ ನೀರು. ರಿಲೇ ತೂಬು ಎತ್ತಿದಾಗ ಬರುವ ಸದ್ದೇ ಆ ‘ಟಿಕ್’.

ಹಾಗಾಗಿ ಸದ್ದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಸದ್ದೇ ಇಲ್ಲವೆಂದರೆ ಹೆಚ್ಚಾಗಿ ತೆಳು ದಾರಿಯಲ್ಲಿ ತೊಂದರೆ. ಒಮ್ಮೆ ‘ಟಿಕ್’ ಅಂದು ಸುಮ್ಮನಾದರೆ ರಿಲೇಯ ಒಳಗಿನ ಕಾಂಟಾಕ್ಟು ಸುಟ್ಟಿರಬಹುದು ಅಥವಾ ಮೋಟರಿನ ಕಾರ್ಬನ್ ಬ್ರಷ್ ಸವೆದಿರಬಹುದು. ‘ಟಿಕ್ ಟಿಕ್ ಟಿಕ್’ ಅಂತ ಒಂದೇ ಸಮನೆ ಹೊಡೆದುಕೊಂಡರೆ ರಿಲೇ ಹಿಡಿದ ಕೂಡಲೇ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಅದಕ್ಕೆ ಬ್ಯಾಟರಿ ಡೌನ್ ಆಗಿರುವುದೂ ಕಾರಣವಾಗಬಹುದು, ಕೆಟ್ಟ ಅರ್ತೂ ಕಾರಣವಾಗಬಹುದು. ಗ್ಯಾರೇಜಿನವರು ಎಡವಿದ್ದು ಇಲ್ಲೇ. ಇನ್ನು ಮೋಟರ್ ‘ಗುಯ್ಯ್’ ಅಂತ ಖಾಲಿ ತಿರುಗಿ ಎಂಜಿನ್ ತಿರುಗದಿದ್ದರೆ ಅದು ವಯರಿಂಗ್ ತೊಂದರೆಯೇ ಅಲ್ಲ. ಸ್ಟಾರ್ಟರ್ ಕ್ಲಚ್ ನೋಡಬೇಕು.

ಸ್ಪ್ಯಾನರ್ ಹಿಡಿಯುವ ಮೊದಲು

ಸ್ಟಾಪ್ ಸ್ವಿಚ್ ಆಫ್ ಆಗಿದೆಯೋ ನೋಡಿ. ನಗಬೇಡಿ, ಮಕ್ಕಳು ಒತ್ತಿಟ್ಟು ಹೋಗಿರುತ್ತಾರೆ. ಗಾಡಿ ನ್ಯೂಟ್ರಲ್‌ನಲ್ಲಿದೆಯೇ, ಸೈಡ್ ಸ್ಟ್ಯಾಂಡ್ ಎತ್ತಿದೆಯೇ, ಕ್ಲಚ್ ಪೂರ್ತಿ ಹಿಡಿದಿದ್ದೀರೇ? ಸ್ಕೂಟರಾದರೆ ಬ್ರೇಕ್ ಹಿಡಿದು ಒತ್ತಬೇಕು. ಒಂದು ಬ್ರೇಕಿನಲ್ಲಿ ಆಗದಿದ್ದರೆ ಇನ್ನೊಂದನ್ನು ಹಿಡಿದು ಒತ್ತಿ ನೋಡಿ. ಆಗ ಸ್ಟಾರ್ಟ್ ಆದರೆ ಮೊದಲನೆಯ ಬ್ರೇಕ್ ಸ್ವಿಚ್ ಕೆಟ್ಟಿದೆ.

ಹಿಂದೆಲ್ಲ ಹೆಡ್‌ಲೈಟ್ ಹಾಕಿ ಬ್ಯಾಟರಿ ನೋಡುತ್ತಿದ್ದರು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ತಾನಾಗಿಯೇ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ಅನೇಕ ಗಾಡಿಗಳಲ್ಲಿ ಎಂಜಿನ್ ಓಡಿದ ಮೇಲೆಯೇ ಅದು ಹತ್ತುವುದು. ಆದ್ದರಿಂದ ಹಾರ್ನ್ ಮತ್ತು ಇಂಡಿಕೇಟರ್ ನೋಡಿ. ಆದರೆ ಹಾರ್ನ್ ಜೋರಾಗಿ ಕೂಗಿತು ಎಂದು ಬ್ಯಾಟರಿಗೆ ಸರ್ಟಿಫಿಕೇಟು ಕೊಡಬೇಡಿ. ಹಾರ್ನಿಗೆ ಬೇಕಾದ್ದು ಸ್ವಲ್ಪ, ಮೋಟರಿಗೆ ಬೇಕಾದ್ದು ಬಹಳ.

ಮೀಟರ್ ಹಿಡಿಯುವ ರೀತಿ

ಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿ. ಕೆಲವು ಗಂಟೆ ಸುಮ್ಮನೆ ನಿಂತ ಗಾಡಿಯಲ್ಲಿ 12.6 ಅಥವಾ ಹೆಚ್ಚಿದ್ದರೆ ಚಾರ್ಜು ತುಂಬಿದೆ. 12ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮುಂದಿನ ಮಾತು. ಈಗ ಹಾಗೇ ಹಿಡಿದುಕೊಂಡು ಸೆಲ್ಫ್ ಒತ್ತಿ. ಸುಮಾರು 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟರ್ ಬಿಗಿಯಾಗಿ ಅತಿಯಾಗಿ ಎಳೆಯುತ್ತಿದೆ. ರಿಲೇ ಟಿಕ್ ಅನ್ನುತ್ತಿದೆ, ಮೋಟರ್ ತಿರುಗುತ್ತಿಲ್ಲ, ಆದರೂ ಬ್ಯಾಟರಿಯಲ್ಲಿ 12ರ ಆಸುಪಾಸೇ ಇದೆ ಎಂದರೆ ಬ್ಯಾಟರಿಯನ್ನು ಬೈಯಬೇಡಿ. ಕರೆಂಟು ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ.

ಎಲ್ಲಿ? ಇದಕ್ಕೊಂದು ಪರೀಕ್ಷೆ ಇದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದು ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ. ಸೆಲ್ಫ್ ಒತ್ತಿ. ಅರ್ತ್ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರವೇ ಇರುತ್ತದೆ, 0.2 ಅಥವಾ 0.3 ಬಂದರೂ ನಡೆಯುತ್ತದೆ. ಪ್ರೇರಕರ ಗಾಡಿಯಲ್ಲಿ ಅಂಕಿ ಕುಣಿಯುತ್ತಾ ಐದಾರು ವೋಲ್ಟ್ ತೋರಿಸಿತು. ಅಂದರೆ ಮೋಟರಿಗೆ ಸಿಗಬೇಕಾದ ಶಕ್ತಿಯನ್ನು ಆ ಕಿಲುಬು ಹಿಡಿದ ಬೋಲ್ಟೇ ತಿನ್ನುತ್ತಿತ್ತು. ಇದೇ ರೀತಿ ಪಾಸಿಟಿವ್ ತುದಿಯಿಂದ ಮೋಟರಿನ ನಟ್ಟಿನವರೆಗೆ, ಬಟನ್ ಒತ್ತಿ ಹಿಡಿದಾಗ ಮಾತ್ರ ನೋಡಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದಪ್ಪ ವಯರ್ ಅಥವಾ ರಿಲೇ ಕಾಂಟಾಕ್ಟು ಕೆಟ್ಟಿದೆ.

ಈ ಪರೀಕ್ಷೆಯನ್ನು ಸೆಲ್ಫ್ ಒತ್ತಿಕೊಂಡೇ ಏಕೆ ಮಾಡಬೇಕು ಎಂದು ಪ್ರತಿ ತಂಡದವರೂ ಕೇಳುತ್ತಾರೆ. ವಯರಿನ ಐವತ್ತು ಎಳೆಯಲ್ಲಿ ನಲವತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ, ಸುಮ್ಮನೆ ಇರುವಾಗ ಮೀಟರು 12 ವೋಲ್ಟನ್ನೇ ತೋರಿಸುತ್ತದೆ. ಭಾರ ಬಿದ್ದಾಗಲೇ ಅದರ ಬಣ್ಣ ಬಯಲು. ಒಣಗಿದ ಸಂಕದ ಹಾಗೆ, ನೋಡಲಿಕ್ಕೆ ಗಟ್ಟಿ, ಹೊರೆ ಹೊತ್ತು ಕಾಲಿಟ್ಟಾಗ ಗೊತ್ತಾಗುತ್ತದೆ.

ಟಿಕ್ ಕೂಡ ಇಲ್ಲದಿದ್ದರೆ

ಆಗ ಟೆಸ್ಟ್ ಲ್ಯಾಂಪ್ ಸಾಕು. ಸಣ್ಣ 12 ವೋಲ್ಟ್ ಬಲ್ಬಿಗೆ ಎರಡು ವಯರ್ ಬೆಸುಗೆ ಹಾಕಿ ನೀವೇ ಮಾಡಿಕೊಳ್ಳಬಹುದು. ಒಂದು ವಯರ್ ಎಂಜಿನ್ ಲೋಹಕ್ಕೆ ಕಟ್ಟಿ, ಇನ್ನೊಂದರಿಂದ ಫ್ಯೂಸಿನ ಎರಡೂ ಕಡೆ ಮುಟ್ಟಿ. ಒಂದು ಕಡೆ ಮಾತ್ರ ಬೆಳಗಿದರೆ ಫ್ಯೂಸ್ ಹೋಗಿದೆ. ಅಷ್ಟೇ ಆಂಪಿಯರಿನದ್ದನ್ನು ಹಾಕಿ. ಬೆಳ್ಳಿ ಕಾಗದ, ತಂತಿ ಸುತ್ತಿ ನಡೆಸುವವರನ್ನು ಕಂಡಿದ್ದೇನೆ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಬೆಂಕಿ ಇಟ್ಟ ಹಾಗೆ ಅದು. ಮತ್ತೆ ಸುಟ್ಟರೆ ವಯರ್ ಎಲ್ಲೋ ಫ್ರೇಮಿಗೆ ತಾಗುತ್ತಿದೆ, ಹುಡುಕಬೇಕು.

ಫ್ಯೂಸ್ ಸರಿ ಇದ್ದರೆ ರಿಲೇಯ ತೆಳು ವಯರುಗಳ ಹತ್ತಿರ ಬನ್ನಿ. ಬೀಗ ಹಾಕಿ, ಕ್ಲಚ್ ಹಿಡಿದು, ಬಟನ್ ಒತ್ತಿದಾಗ ಒಂದರಲ್ಲಿಯಾದರೂ ಲ್ಯಾಂಪ್ ಬೆಳಗಬೇಕು. ಯಾವುದರಲ್ಲೂ ಬೆಳಗದಿದ್ದರೆ ಹಿಂದಕ್ಕೆ ಹೋಗಿ: ಬಟನ್, ಸ್ಟಾಪ್ ಸ್ವಿಚ್, ಬೀಗ. ಬೆಳಗಿತು ಆದರೆ ರಿಲೇ ಸದ್ದು ಮಾಡಲಿಲ್ಲ ಎಂದರೆ ಆ ರಿಲೇಯ ಸುರುಳಿ ಹೋಗಿರಬಹುದು, ಅಥವಾ ಅದರ ಅರ್ತ್ ಕಡೆ ತುಂಡಾಗಿರಬಹುದು. ಕೆಲವು ಗಾಡಿಗಳಲ್ಲಿ ಕ್ಲಚ್ ಮತ್ತು ನ್ಯೂಟ್ರಲ್ ಸ್ವಿಚ್ ಇರುವುದೇ ಈ ಅರ್ತ್ ಕಡೆ. ಹಸಿರು ನ್ಯೂಟ್ರಲ್ ದೀಪ ಹತ್ತದಿದ್ದರೆ, ಆದರೆ ಕ್ಲಚ್ ಹಿಡಿದರೆ ಸ್ಟಾರ್ಟ್ ಆದರೆ, ನ್ಯೂಟ್ರಲ್ ಸ್ವಿಚ್ಚನ್ನೇ ನೋಡಿ.

ಒಂದು ಉಪಾಯ ಮರೆಯಬೇಡಿ. ಬಟನ್ ಒತ್ತಿ ಹಿಡಿದು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಒಂದು ಕಡೆ ಮಾತ್ರ ಹಿಡಿದರೆ ಹ್ಯಾಂಡಲ್ ಬುಡದಲ್ಲಿ ವಯರ್ ಒಳಗೇ ತುಂಡಾಗಿದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಸರಿ ಕಾಣುತ್ತದೆ. ಎಸ್ಟೇಟ್ ಕಡೆಯ ಗಾಡಿಗಳಲ್ಲಿ ಇಲಿ ಕಡಿದಿರುವುದೂ ಸಾಮಾನ್ಯ, ಸೀಟಿನಡಿ ನೋಡಿ.

ಎಚ್ಚರಿಕೆಯ ಮಾತು

ರಿಲೇಯ ಎರಡು ದಪ್ಪ ನಟ್ಟಿಗೆ ಸ್ಕ್ರೂ ಡ್ರೈವರ್ ಇಟ್ಟು ಮೋಟರ್ ತಿರುಗಿಸಿ ನೋಡುವ ರೂಢಿ ಗ್ಯಾರೇಜುಗಳಲ್ಲಿ ಇದೆ. ತಿರುಗಿದರೆ ರಿಲೇ ಅಥವಾ ತೆಳು ದಾರಿ ಕೆಟ್ಟಿದೆ, ತಿರುಗದಿದ್ದರೆ ಮೋಟರ್, ದಪ್ಪ ವಯರ್ ಅಥವಾ ಅರ್ತ್ ಎಂದು ತಿಳಿಯುತ್ತದೆ, ನಿಜ. ಆದರೆ ಕಿಡಿ ಹಾರುತ್ತದೆ. ಪೆಟ್ರೋಲ್ ವಾಸನೆ ಇದ್ದಲ್ಲಿ ಬೇಡವೇ ಬೇಡ. ಗಾಡಿ ಗೇರಿನಲ್ಲಿದ್ದರೆ ಮುಂದಕ್ಕೆ ನೆಗೆಯುತ್ತದೆ. ಶಿಕ್ಷಕರು ಪಕ್ಕದಲ್ಲಿ ಇಲ್ಲದೆ ಮಾಡಬೇಡಿ.

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಕೂರಿಸುವಾಗ ನೆಗೆಟಿವ್ ಕೊನೆಗೆ. ಆಗ ಸ್ಪ್ಯಾನರ್ ಫ್ರೇಮಿಗೆ ತಾಗಿದರೂ ಶಾರ್ಟ್ ಆಗುವುದಿಲ್ಲ. ಸೆಲ್ಫನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಸ್ವಲ್ಪ ಬಿಟ್ಟು ಮತ್ತೆ ಒತ್ತಿ.

2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಹೊತ್ತಿಗೆ ಬಂದ ಕೆಲವು ಸ್ಕೂಟರುಗಳಲ್ಲಿ ಬೇರೆ ಸ್ಟಾರ್ಟರ್ ಮೋಟರೇ ಇಲ್ಲ. ಚಾರ್ಜು ಮಾಡುವ ಯಂತ್ರವೇ ಎಂಜಿನ್ ತಿರುಗಿಸುತ್ತದೆ, ಎಲ್ಲವನ್ನೂ ಕಂಟ್ರೋಲ್ ಯೂನಿಟ್ ನೋಡಿಕೊಳ್ಳುತ್ತದೆ. ಅದರ ವಯರುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ, ಯೂನಿಟ್ ಹಾಳಾದೀತು. ಫ್ಯೂಸ್, ಬ್ಯಾಟರಿ, ಅರ್ತ್, ಬ್ರೇಕ್ ಸ್ವಿಚ್ ಇಷ್ಟು ನೋಡಿ ನಿಲ್ಲಿಸಿ.

ತುಂಡಾದ ವಯರನ್ನು ಹೆಣೆದು ಟೇಪು ಸುತ್ತಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಬೆಸುಗೆ ಹಾಕಿ ಸ್ಲೀವ್ ಏರಿಸಿ. ಅರ್ತ್ ಬೋಲ್ಟನ್ನು ಬಿಚ್ಚಿ ಸ್ಯಾಂಡ್ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ. ಬ್ಯಾಟರಿ ತುದಿಗಳಿಗೂ ಅಷ್ಟೇ. ಕೊನೆಗೆ ಎಂಜಿನ್ ಓಡುತ್ತಿರುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಬರುತ್ತದೆಯೇ ನೋಡಿಯೇ ಗಾಡಿ ಕೊಡಿ. ಬಾರದಿದ್ದರೆ ಗಿರಾಕಿ ನಾಲ್ಕು ದಿನದಲ್ಲಿ ವಾಪಸ್ ಬರುತ್ತಾರೆ.

ಪ್ರೇರಕರ ಹಳೇ ಬ್ಯಾಟರಿಯನ್ನು ಗ್ಯಾರೇಜಿನವರು ಅದಲು ಬದಲಿಗೆ ತೆಗೆದುಕೊಂಡಿದ್ದರಿಂದ ಅದು ಮತ್ತೆ ಸಿಗಲಿಲ್ಲ. ತಪ್ಪಿದ ಕಂತನ್ನು ಸಂಘದವರು ಎರಡು ತಿಂಗಳಿಗೆ ಹಂಚಿ ಕಟ್ಟಿಸಿಕೊಂಡರು. ಅಂದಿನಿಂದ ನಮ್ಮ ಕೇಂದ್ರದಲ್ಲಿ ಬಿಲ್ಲಿನ ಹಿಂದೆ ಮೀಟರಿನ ಮೂರು ಅಂಕಿ ಬರೆದು ಕೊಡುತ್ತೇವೆ: ಬ್ಯಾಟರಿ ಸುಮ್ಮನೆ ಇದ್ದಾಗ ಎಷ್ಟು, ಸೆಲ್ಫ್ ಒತ್ತಿದಾಗ ಎಷ್ಟು, ಎಂಜಿನ್ ಓಡುವಾಗ ಎಷ್ಟು. ನೀವು ಬೇರೆ ಕಡೆ ರಿಪೇರಿ ಮಾಡಿಸಿದರೂ ಈ ಮೂರು ಅಂಕಿ ಕೇಳಿ ಬರೆಸಿಕೊಳ್ಳಿ.