ಕರ್ನಲ್ ಒಳಗೆ ರಸ್ಟ್: ಕಾಫಿ ಸೀಮೆಯ ಪತ್ರಗಳಿಗೆ ಉತ್ತರ

ಪ್ರಶ್ನೆ: 2024ರ ಜುಲೈನಲ್ಲಿ ಒಂದು ಶುಕ್ರವಾರ ನಮ್ಮ ಹೋಮ್‌ಸ್ಟೇಗೆ ಬರಬೇಕಿದ್ದ ಅತಿಥಿಗಳು ವಿಮಾನ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಂಡರು. ಕಂಪ್ಯೂಟರ್‌ಗಳೆಲ್ಲ ನೀಲಿ ಪರದೆಯಾಗಿ ನಿಂತುಬಿಟ್ಟಿವೆ ಎಂದು ಟಿವಿಯಲ್ಲಿ ತೋರಿಸುತ್ತಿದ್ದರು. ಮೊನ್ನೆ ಉಳಿಯಲು ಬಂದಿದ್ದ ಸಾಫ್ಟ್‌ವೇರ್ ಹುಡುಗನೊಬ್ಬ ‘ಅದನ್ನು ರಸ್ಟ್‌ನಲ್ಲಿ ಬರೆದಿದ್ದರೆ ಹಾಗಾಗುತ್ತಲೇ ಇರಲಿಲ್ಲ’ ಅಂದ. ನಿಜವೇ?
— ಹೋಮ್‌ಸ್ಟೇ ನಡೆಸುವವರು, ಚಿಕ್ಕಮಗಳೂರು

ಉತ್ತರ: ಅರ್ಧ ನಿಜ.

ಆ ದಿನ, ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ತಂತ್ರಾಂಶ ಇರುವ ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಂದು ಚಿಕ್ಕ ಕಡತ ಕಳಿಸಿತು. ಸುಮಾರು 85 ಲಕ್ಷ ಯಂತ್ರಗಳು ಕುಸಿದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಕಾರಣವನ್ನು ಆ ಕಂಪನಿಯೇ ಆಮೇಲೆ ಬಿಡಿಸಿ ಹೇಳಿದೆ. ಕಡತದಲ್ಲಿದ್ದ ನಿಯಮ 21ನೆಯ ಮಾಹಿತಿಯನ್ನು ನೋಡು ಎನ್ನುತ್ತಿತ್ತು. ಓದುವ ಪ್ರೋಗ್ರಾಂ ಕೈಗೆ ಬಂದದ್ದು 20 ಮಾತ್ರ. ಇಲ್ಲದ 21ನೆಯದನ್ನು ಹುಡುಕುತ್ತ ಅದು ಪಟ್ಟಿಯ ಆಚೆಗಿನ ಮೆಮೊರಿಗೆ ಕೈ ಹಾಕಿತು.

ಇಂಥ ತಪ್ಪು ನಿಮ್ಮ ಬ್ರೌಸರ್‌ನಲ್ಲಿ ನಡೆದಿದ್ದರೆ ಬ್ರೌಸರ್ ಒಂದೇ ಮುಚ್ಚಿಕೊಳ್ಳುತ್ತಿತ್ತು. ಆದರೆ ಈ ಪ್ರೋಗ್ರಾಂ ಇದ್ದದ್ದು ಕರ್ನಲ್ ಒಳಗೆ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲದರ ಹಿಡಿತ ಅದರದು. ಬೇರೆಯವರು ತಪ್ಪಿದರೆ ಅದು ತಡೆಯುತ್ತದೆ, ಅದೇ ತಪ್ಪಿದರೆ ತಡೆಯುವವರು ಮೇಲೆ ಯಾರೂ ಇಲ್ಲ. ಇನ್ನಷ್ಟು ಕೆಡದಿರಲಿ ಎಂದು ಇಡೀ ಯಂತ್ರವೇ ನಿಂತುಬಿಡುತ್ತದೆ.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಏನು ಮಾಡುತ್ತಿತ್ತು? 20 ಅಂಶಗಳ ಪಟ್ಟಿಯಲ್ಲಿ 21ನೆಯದನ್ನು ಕೇಳಿದರೆ ಆಚೆಯ ಮೆಮೊರಿಯನ್ನು ಓದಲು ಅದು ಬಿಡುವುದಿಲ್ಲ. ಇಲ್ಲಿಯವರೆಗೆ ಆ ಹುಡುಗನ ಮಾತು ಸರಿ. ಆದರೆ ಬರೆದವರು ನೇರವಾಗಿ ‘21ನೆಯದು ಕೊಡು’ ಎಂದು ಬರೆದಿದ್ದರೆ ಪ್ರೋಗ್ರಾಂ ‘ಪ್ಯಾನಿಕ್’ ಎಂದು ಅಲ್ಲಿಗೇ ನಿಲ್ಲುತ್ತದೆ, ಕರ್ನಲ್ ಒಳಗೆ ಹಾಗೆ ನಿಂತರೆ ಮತ್ತೆ ಅದೇ ನೀಲಿ ಪರದೆ. ಇನ್ನೊಂದು ರೀತಿಯಲ್ಲೂ ಬರೆಯಬಹುದು: ‘21ನೆಯದು ಇದ್ದರೆ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು.’ ಆಗ ‘ಇಲ್ಲ’ ಎಂದಾದರೆ ಮುಂದೇನು ಎಂದು ಬರೆಯದ ಹೊರತು ಆ ಉತ್ತರವನ್ನು ಬಳಸಲು ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಒಪ್ಪುವುದಿಲ್ಲ. ನಿಮ್ಮ ಅತಿಥಿಗಳು ಹೊತ್ತಿಗೆ ಸರಿಯಾಗಿ ಬರಲು ಈ ಎರಡನೆಯ ಅಭ್ಯಾಸ ಬೇಕಿತ್ತು. ಜತೆಗೆ, ಅಪ್‌ಡೇಟ್ ಅನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ನೋಡಿ, ಆಮೇಲೆ ಉಳಿದವಕ್ಕೆ ಹಂಚುವ ಶಿಸ್ತೂ ಬೇಕಿತ್ತು. ಇದನ್ನು ಯಾವ ಭಾಷೆಯೂ ಕಲಿಸುವುದಿಲ್ಲ.

ಪ್ರಶ್ನೆ: ಸರ್, ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಮೊದಲ ವರ್ಷ ಸಿ ಕಲಿತೆವು. ಈಗ ಸೀನಿಯರ್‌ಗಳು ‘ಸಿ ಮುಗಿದ ಕಥೆ, ಲಿನಕ್ಸ್ ಕೂಡ ರಸ್ಟ್‌ಗೆ ಹೋಗುತ್ತಿದೆ’ ಎನ್ನುತ್ತಾರೆ. ಸಿ ಬಿಟ್ಟುಬಿಡಲೇ? ಮೆಮೊರಿ ಸುರಕ್ಷತೆ ಅಂದರೆ ನಿಜಕ್ಕೂ ಏನು?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ.

ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಡಾಂಗಲ್ ಸಿಕ್ಕಿಸಿದ್ದೀರಿ ಎಂದಿಟ್ಟುಕೊಳ್ಳಿ. ಅದರ ವಿವರ ಇಡಲು ಕರ್ನಲ್ ಸ್ವಲ್ಪ ಮೆಮೊರಿ ತೆಗೆದಿಟ್ಟಿದೆ. ‘ಸೆಕೆಂಡಿಗೊಮ್ಮೆ ಡಾಂಗಲ್ ಸ್ಥಿತಿ ಬರೆದಿಡು’ ಎಂದು ಒಂದು ಟೈಮರ್‌ಗೂ ಹೇಳಿದೆ, ಆ ಜಾಗದ ವಿಳಾಸ ಟೈಮರ್ ಬಳಿ ಇದೆ. ನೀವು ಡಾಂಗಲ್ ಕಿತ್ತಿರಿ. ಡಾಂಗಲನ್ನು ನಡೆಸುವ ಕೋಡ್, ಅಂದರೆ ಡ್ರೈವರ್, ಆ ಜಾಗವನ್ನು ವಾಪಸು ಕೊಟ್ಟಿತು, ಟೈಮರ್ ನಿಲ್ಲಿಸುವುದನ್ನು ಮರೆಯಿತು. ಮರುಗಳಿಗೆಯಲ್ಲಿ ಕರ್ನಲ್ ಅದೇ ಜಾಗವನ್ನು ಬೇರೆ ಯಾವುದೋ ಕೆಲಸಕ್ಕೆ ಕೊಟ್ಟಿತು, ಬಳಕೆದಾರರ ಅಧಿಕಾರದ ಮಾಹಿತಿ ಇಡಲು ಅನ್ನಿ. ಸೆಕೆಂಡ್ ಮುಗಿಯಿತು. ಟೈಮರ್ ಎದ್ದು, ತನ್ನದೆಂದುಕೊಂಡ ಜಾಗದಲ್ಲಿ ಬರೆದೇಬಿಟ್ಟಿತು. ಅದೃಷ್ಟವಿದ್ದರೆ ಯಂತ್ರ ಕುಸಿಯುತ್ತದೆ. ಇಲ್ಲದಿದ್ದರೆ, ಆ ಬರಹವನ್ನು ತನಗೆ ಬೇಕಾದ ಜಾಗಕ್ಕೆ ಬೀಳಿಸಿಕೊಳ್ಳಬಲ್ಲ ಕಳ್ಳನೊಬ್ಬ ಯಂತ್ರವನ್ನೇ ವಶಪಡಿಸಿಕೊಳ್ಳುತ್ತಾನೆ. ಬಿಟ್ಟುಕೊಟ್ಟ ಮೇಲೂ ಬಳಸುವುದು, ಗಡಿ ದಾಟಿ ಓದುವುದು ಬರೆಯುವುದು, ಏನೂ ತುಂಬದ ಜಾಗವನ್ನು ಓದುವುದು: ಇವೇ ಮೆಮೊರಿ ತಪ್ಪುಗಳು. ತಾನು ವರ್ಷವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಈ ಜಾತಿಯವೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಆ ಕೋಡ್ ಬರೆದವರು ದಡ್ಡರೇನಲ್ಲ. ಸಾವಿರಾರು ಕಡೆ, ಒಮ್ಮೆಯೂ ತಪ್ಪದೆ ನೆನಪಿಟ್ಟುಕೊಳ್ಳುವ ಹೊರೆಯನ್ನು ಸಿ ಭಾಷೆ ಮನುಷ್ಯನ ತಲೆಗೆ ಬಿಟ್ಟಿದೆ.

ರಸ್ಟ್ ಆ ಹೊರೆಯನ್ನು ಕಂಪೈಲರ್‌ಗೆ ವಹಿಸುತ್ತದೆ. ಪ್ರತಿ ಮಾಹಿತಿಗೂ ಒಬ್ಬನೇ ಒಡೆಯ. ಒಡೆಯ ಹೋದಾಗ ಜಾಗ ತಾನಾಗಿ ಖಾಲಿಯಾಗುತ್ತದೆ. ಬೇರೆಯವರು ಎರವಲು ಪಡೆಯಬಹುದು, ಒಡೆಯ ಇರುವಷ್ಟು ಹೊತ್ತು ಮಾತ್ರ. ತೋಟದ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕವನ್ನು ಎಷ್ಟು ಜನ ಬೇಕಾದರೂ ಒಟ್ಟಿಗೆ ನೋಡಬಹುದು, ರೈಟರು ಬರೆಯಲು ಕೂತರೆ ಪುಸ್ತಕ ಅವರೊಬ್ಬರ ಕೈಯಲ್ಲಿರಬೇಕು. ರಸ್ಟ್‌ನ ಎರವಲಿನ ನಿಯಮ ಇಷ್ಟೇ. ಮೇಲಿನ ಟೈಮರ್ ಕೋಡನ್ನು ರಸ್ಟ್‌ನಲ್ಲಿ ಬರೆದರೆ ‘ಎರವಲು ಪಡೆದದ್ದು ಒಡೆಯನಿಗಿಂತ ಹೆಚ್ಚು ಕಾಲ ಉಳಿಯುತ್ತಿದೆ’ ಎಂಬ ಅರ್ಥದ ತಕರಾರು ಬಂದು, ಪ್ರೋಗ್ರಾಂ ತಯಾರಾಗುವುದೇ ಇಲ್ಲ.

ಗ್ರೇಡನ್ ಹೋರ್ ಎಂಬವರು 2006ರಲ್ಲಿ ಸ್ವಂತ ಆಸಕ್ತಿಯಿಂದ ಶುರುಮಾಡಿದ ಭಾಷೆ ಇದು. (ಕಾಫಿ ಎಲೆಗೆ ತುಕ್ಕುರೋಗ ತರುವ ಜಾತಿಯ ಶಿಲೀಂಧ್ರಗಳ ಗಟ್ಟಿತನ ಮೆಚ್ಚಿ ಅವರು ಈ ಹೆಸರಿಟ್ಟರು. ನಮ್ಮ ಬೆಳೆಗಾರರು ಮೆಚ್ಚಲಾರರು!) ಮೊಜಿಲ್ಲಾ ಬೆಂಬಲದಿಂದ ಬೆಳೆದು 2015ರಲ್ಲಿ 1.0 ಆವೃತ್ತಿ ಬಂತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್‌ಗೆ ಕಾಲಿಟ್ಟದ್ದು 2022ರ ಡಿಸೆಂಬರ್‌ನಲ್ಲಿ, 6.1 ಆವೃತ್ತಿಯಲ್ಲಿ.

ಈಗ ಮೊದಲ ಪ್ರಶ್ನೆ. ದಯವಿಟ್ಟು ಸಿ ಬಿಡಬೇಡಿ. ಲಿನಕ್ಸ್ ಕರ್ನಲ್‌ನಲ್ಲಿ ಸುಮಾರು ನಾಲ್ಕು ಕೋಟಿ ಸಾಲುಗಳಿವೆ, ರಸ್ಟ್ ಅದರಲ್ಲಿ ತೀರಾ ಸಣ್ಣ ಪಾಲು. ಹಳೆಯದನ್ನೆಲ್ಲ ಮತ್ತೆ ಬರೆಯುವ ಯೋಜನೆ ಯಾರಿಗೂ ಇಲ್ಲ. ಹೊಸ ಡ್ರೈವರ್ ರಸ್ಟ್‌ನಲ್ಲಿ ಬರೆದರೂ ಅದು ಮಾತಾಡಬೇಕಾದದ್ದು ಸಿ ಕೋಡಿನ ಜತೆಗೇ. ಆ ಗಡಿಯಲ್ಲಿ ‘ಅನ್‌ಸೇಫ್’ ಎಂದು ಗುರುತು ಹಾಕಿ ಬರೆಯುವ ಭಾಗ ಇರುತ್ತದೆ, ಅಲ್ಲಿ ಕಂಪೈಲರ್‌ನ ಕಾವಲು ಸಡಿಲ. ಅಲ್ಲಿ ಏನು ಕೆಡಬಹುದು ಎಂದು ತಿಳಿಯಬೇಕಾದರೆ ಪಾಯಿಂಟರ್ ಜತೆ ಗುದ್ದಾಡಿದ ಅನುಭವ ಬೇಕು. ಸಿಯಲ್ಲಿ ಒಂದು ಲಿಂಕ್ಡ್ ಲಿಸ್ಟ್ ಬರೆದು, ಕೆಡಿಸಿ, ಸರಿಮಾಡಿ. ಆಮೇಲೆ ಅದನ್ನೇ ರಸ್ಟ್‌ನಲ್ಲಿ ಪ್ರಯತ್ನಿಸಿ. ಕಂಪೈಲರ್ ಯಾಕೆ ಬೈಯುತ್ತಿದೆ ಎಂದು ಆಗ ಅರ್ಥವಾಗುತ್ತದೆ.

ಪ್ರಶ್ನೆ: ಮಗ ಬೆಂಗಳೂರಿನಿಂದ ಬಂದಾಗ ತೋಟದಲ್ಲಿ ಮಳೆ ಅಳೆಯುವ ಒಂದು ಪೆಟ್ಟಿಗೆ ಮಾಡಿಟ್ಟ. ಒಳಗಿರುವುದು ಇಎಸ್‌ಪಿ32 ಚಿಪ್ಪಂತೆ. ಆಗಾಗ ಸುಮ್ಮನೆ ನಿಂತುಬಿಡುತ್ತದೆ, ವೈರ್ ಕಿತ್ತು ಹಾಕಿದರೆ ಸರಿಯಾಗುತ್ತದೆ. ಈ ಸಲ ಹೂಮಳೆ ಬಿದ್ದ ದಿನವೇ ನಿಂತಿತ್ತು. ಎಷ್ಟು ಇಂಚು, ಎಷ್ಟು ಸೆಂಟ್ ಎಂದು ಕೊನೆಗೆ ಪಕ್ಕದ ತೋಟದವರನ್ನು ಕೇಳಬೇಕಾಯಿತು. ‘ಮೆಮೊರಿ ಲೀಕ್ ಇರಬೇಕಪ್ಪ, ರಸ್ಟ್‌ನಲ್ಲಿ ಮತ್ತೆ ಬರೆಯುತ್ತೇನೆ’ ಅನ್ನುತ್ತಾನೆ. ಬರೆಯಲಿ ಎನ್ನಲೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಈಗಲೇ ಬೇಡ. ತೊಂದರೆ ಎಲ್ಲಿದೆ ಎಂದು ಗೊತ್ತಾಗುವ ಮುಂಚೆ ಭಾಷೆ ಬದಲಿಸಿದರೆ ಶ್ರಮ ದಂಡ.

ನಿಮ್ಮ ಮಗನಿಗೆ ಇದೊಂದು ಹೇಳಿ: ಮೆಮೊರಿ ಲೀಕನ್ನು ರಸ್ಟ್ ತಡೆಯುತ್ತೇನೆ ಎಂದು ಮಾತು ಕೊಟ್ಟೇ ಇಲ್ಲ. ತೆಗೆದುಕೊಂಡ ಜಾಗವನ್ನು ವಾಪಸು ಕೊಡದೆ ಕೂಡಿಸುತ್ತ ಹೋಗುವುದು ಲೀಕ್. ಅದರಿಂದ ಬೇರೆಯವರ ಜಾಗ ಕೆಡುವುದಿಲ್ಲ, ಹಾಗಾಗಿ ರಸ್ಟ್ ಲೆಕ್ಕದಲ್ಲಿ ಅದು ‘ಸುರಕ್ಷಿತ’ವೇ. ಒಡೆತನದ ನಿಯಮದಿಂದ ಲೀಕ್ ಕಡಿಮೆಯಾಗುತ್ತದೆ, ಆದರೆ ಬೆಳೆಯುತ್ತಲೇ ಹೋಗುವ ಪಟ್ಟಿಯೊಂದಕ್ಕೆ ಮಳೆಯ ಲೆಕ್ಕ ತುಂಬುತ್ತಿದ್ದರೆ ಯಾವ ಭಾಷೆಯಲ್ಲಾದರೂ ಒಂದು ದಿನ ಜಾಗ ಮುಗಿಯುತ್ತದೆ.

ಹೀಗೆ ಮಾಡಿ. ಪೆಟ್ಟಿಗೆ ಗಂಟೆಗೊಮ್ಮೆ ಮಳೆಯ ಜತೆಗೆ ತನ್ನಲ್ಲಿ ಉಳಿದ ಖಾಲಿ ಮೆಮೊರಿಯನ್ನೂ, ಸಿಗುತ್ತಿರುವ ವೋಲ್ಟೇಜನ್ನೂ ಬರೆದಿಡಲಿ. ಖಾಲಿ ಮೆಮೊರಿ ದಿನದಿನಕ್ಕೆ ಇಳಿಯುತ್ತ ಬಂದಿದ್ದರೆ ಲೀಕ್. ಮೆಮೊರಿ ಸರಿಯಿದ್ದು, ಗುಡುಗು ಸಿಡಿಲಿನ ಹೊತ್ತಿಗೋ ಕರೆಂಟು ಹೋಗಿ ಬಂದಾಗಲೋ ನಿಲ್ಲುತ್ತಿದ್ದರೆ ಅಡಾಪ್ಟರ್ ಬದಲಿಸಿ, ಪೆಟ್ಟಿಗೆ ಬಿಚ್ಚಿ ತೇವ ನೋಡಿ. ಕಾಫಿ ಹೂ ಅರಳಿಸುವ ಹೂಮಳೆ ಬರುವುದೇ ಗುಡುಗು ಸಿಡಿಲಿನ ಜತೆಗೆ ಎಂದು ನಿಮಗೆ ಹೇಳಬೇಕಾಗಿಲ್ಲ, ನನ್ನ ಮೊದಲ ಅನುಮಾನ ಅಲ್ಲೇ. ಸರಿಸುಮಾರು 50 ದಿನಕ್ಕೊಮ್ಮೆ ಕರಾರುವಾಕ್ಕಾಗಿ ನಿಲ್ಲುತ್ತಿದ್ದರೆ ಕಾರಣ ಬೇರೆ. ಆರ್ಡಿನೋ ಶೈಲಿಯ ಪ್ರೋಗ್ರಾಂಗಳಲ್ಲಿ ಮಿಲಿಸೆಕೆಂಡ್ ಎಣಿಸುವ 32 ಬಿಟ್ ಲೆಕ್ಕ 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ‘ಮುಂದಿನ ಓದು ಇಷ್ಟು ಹೊತ್ತಿಗೆ’ ಎಂದು ಕೂಡಿಸಿಟ್ಟು ಕಾಯುವ ಕೋಡ್ ಅಲ್ಲಿ ಕೆಡುತ್ತದೆ. ಈಗಿನ ಹೊತ್ತಿನಿಂದ ಹಿಂದಿನ ಓದಿನ ಹೊತ್ತನ್ನು ಕಳೆದು ನೋಡಿದರೆ ತೊಂದರೆಯಿಲ್ಲ. ಇದೂ ರಸ್ಟ್ ಸರಿಪಡಿಸುವ ತಪ್ಪಲ್ಲ. ಏನೇ ಇರಲಿ, ವಾಚ್‌ಡಾಗ್ ಟೈಮರ್ ಹಾಕಿಸಿ. ಪ್ರೋಗ್ರಾಂ ಉಸಿರುಗಟ್ಟಿದರೆ ಆ ಟೈಮರೇ ಚಿಪ್ಪನ್ನು ಮತ್ತೆ ಶುರುಮಾಡುತ್ತದೆ, ನೀವು ಮಳೆಯಲ್ಲಿ ಹೋಗಿ ವೈರ್ ಕೀಳುವುದು ತಪ್ಪುತ್ತದೆ.

ಮಗನಿಗೆ ರಸ್ಟ್ ಕಲಿಯುವ ಆಸೆ ಇದ್ದರೆ ಆ ಚಿಪ್ ತಯಾರಿಸುವ ಎಸ್ಪ್ರೆಸಿಫ್ ಕಂಪನಿಯೇ ಅದಕ್ಕೆ ಬೆಂಬಲ ಕೊಡುತ್ತದೆ. ಆದರೆ ಸಾಮಾನ್ಯವಾಗಿ ಬಳಸುವ ದಾರಿಯಲ್ಲಿ ಕೆಳಗೆ ಓಡುವ ಪುಟ್ಟ ಕರ್ನಲ್ ಫ್ರೀಆರ್‌ಟಿಓಎಸ್, ಅದು ಸಿಯಲ್ಲೇ ಇದೆ. ಸಿ ಎಂದಾಕ್ಷಣ ನಂಬಬಾರದು ಎಂದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಡಿಸೋಜ ಮತ್ತು ಸಂಗಡಿಗರು ಇದೇ ಫ್ರೀಆರ್‌ಟಿಓಎಸ್‌ನಲ್ಲಿ ಯಾವ ಕೆಲಸ ಯಾವಾಗ ಓಡಬೇಕೆಂದು ನಿರ್ಧರಿಸುವ ಷೆಡ್ಯೂಲರನ್ನು ಗಣಿತದ ಪುರಾವೆಯ ಮೂಲಕ ಪರಿಶೀಲಿಸುವ ಕೆಲಸ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ಅದು ತುಂಬ ಶ್ರಮದ ದಾರಿ, ನಮ್ಮ ರಾಜ್ಯದಲ್ಲೇ ನಡೆದ ಇಂಥ ಕೆಲಸ ಹೆಚ್ಚು ಜನಕ್ಕೆ ತಿಳಿಯಬೇಕು.

ಪ್ರಶ್ನೆ: ಬೆಂಗಳೂರಿನ ಚಿಪ್ ಕಂಪನಿಯೊಂದಕ್ಕೆ ಊರಿನ ಮನೆಯಿಂದಲೇ ಲಿನಕ್ಸ್ ಡ್ರೈವರ್ ಬರೆಯುತ್ತೇನೆ. ರಸ್ಟ್ ಎಂದರೆ ನಮ್ಮ ಮ್ಯಾನೇಜರ್ ‘ಅದಿನ್ನೂ ಪ್ರಯೋಗ, ಹಿರಿಯ ಮೇಂಟೇನರ್‌ಗಳಿಗೇ ಬೇಡ, ಈಗ ಅದರಲ್ಲೂ ತೂತು ಸಿಕ್ಕಿದೆ’ ಎಂದು ಮಾತು ಮುಗಿಸುತ್ತಾರೆ. ಏನು ಹೇಳಲಿ?
— ಡ್ರೈವರ್ ಇಂಜಿನಿಯರ್, ಕೊಟ್ಟಿಗೆಹಾರ

ಉತ್ತರ: ‘ಪ್ರಯೋಗ’ ಎಂಬ ಹಣೆಪಟ್ಟಿ ಈಗಿಲ್ಲ. 2025ರ ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ಸೇರಿದ್ದ, ಕರ್ನಲ್‌ನ ಭಾಗಗಳನ್ನು ನೋಡಿಕೊಳ್ಳುವ ಮೇಂಟೇನರ್‌ಗಳು ರಸ್ಟ್ ಇನ್ನು ಕರ್ನಲ್‌ನ ಕಾಯಂ ಭಾಗ ಎಂದು ಒಪ್ಪಿದರು.

ಹಿರಿಯರ ಆಕ್ಷೇಪವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಎಂಎ (ಸಾಧನಗಳು ನೇರವಾಗಿ ಮೆಮೊರಿ ಬಳಸುವ ವ್ಯವಸ್ಥೆ) ಭಾಗ ನೋಡಿಕೊಳ್ಳುತ್ತಿದ್ದ ಕ್ರಿಸ್ಟೋಫ್ ಹೆಲ್‌ವಿಗ್ 2025ರ ಆರಂಭದಲ್ಲಿ ಕಟುವಾಗಿಯೇ ವಿರೋಧಿಸಿದರು. ಎರಡು ಭಾಷೆಗಳು ಬೆರೆತ ಕೋಡನ್ನು ಮುಂದೆ ನಿಭಾಯಿಸುವವರು ಯಾರು ಎಂಬುದು ಅವರ ಚಿಂತೆ. ನಾಳೆ ಸಿಯಲ್ಲಿ ಒಂದು ಫಂಕ್ಷನ್ ಬದಲಾದರೆ ಅದನ್ನು ನಂಬಿದ ರಸ್ಟ್ ಕೋಡ್ ಮುರಿಯುತ್ತದೆ, ಆಗ ರಿಪೇರಿ ಯಾರ ತಲೆಗೆ? ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಕೊಟ್ಟ ತೀರ್ಮಾನ ನನಗೆ ನ್ಯಾಯವಾಗಿ ಕಾಣುತ್ತದೆ: ಬೇಡವಾದವರು ರಸ್ಟ್ ಮುಟ್ಟಬೇಕಿಲ್ಲ, ಆದರೆ ತಮ್ಮ ಸಿ ಕೋಡನ್ನು ಬೇರೆಯವರು ರಸ್ಟ್‌ನಿಂದ ಬಳಸುವುದನ್ನು ತಡೆಯುವ ಹಕ್ಕೂ ಅವರಿಗಿಲ್ಲ.

ತೂತು ಸಿಕ್ಕಿದ್ದು ನಿಜ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳ ನಡುವಿನ ಮಾತುಕತೆ ನಡೆಸುವ ಬೈಂಡರ್ ಡ್ರೈವರ್‌ನ ರಸ್ಟ್ ರೂಪ 6.18 ಕರ್ನಲ್‌ಗೆ ಸೇರಿತು. ಡಿಸೆಂಬರ್‌ನಲ್ಲೇ ಅದರಲ್ಲಿ ಸಿವಿಇ-2025-68260 ಎಂದು ದಾಖಲಾದ ಭದ್ರತಾ ದೋಷ ಪತ್ತೆಯಾಯಿತು. ಒಂದು ಥ್ರೆಡ್ (ಜತೆಜತೆಗೆ ಓಡುವ ಕೆಲಸದ ಎಳೆ) ಬೀಗ ಹಿಡಿದು ಪಟ್ಟಿಯ ಅಂಶಗಳನ್ನು ತನ್ನ ಪಟ್ಟಿಗೆ ಸಾಗಿಸಿಕೊಂಡು, ಬೀಗ ಬಿಟ್ಟು, ಒಂದೊಂದಾಗಿ ನೋಡುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಥ್ರೆಡ್ ಅದೇ ಅಂಶವನ್ನು ಹಳೆಯ ಪಟ್ಟಿಯಲ್ಲೇ ಇದೆಯೆಂದು ಭಾವಿಸಿ ತೆಗೆಯಲು ಹೋಯಿತು. ಹಿಂದು ಮುಂದಿನ ಕೊಂಡಿಗಳು ಕಲಸಿಹೋಗಿ ಕರ್ನಲ್ ಕುಸಿಯುತ್ತಿತ್ತು. ನಡೆದದ್ದು ಎಲ್ಲಿ ಎಂಬುದನ್ನು ನಿಮ್ಮ ಮ್ಯಾನೇಜರ್‌ಗೆ ತೋರಿಸಿ: ‘ಅನ್‌ಸೇಫ್’ ಎಂದು ಗುರುತು ಹಾಕಿದ ಸಾಲಿನಲ್ಲಿ. ಆ ಸಾಲಿನ ಮೇಲೆ ಇದು ಯಾಕೆ ಸುರಕ್ಷಿತ ಎಂದು ಬರೆದಿದ್ದ ಸಮರ್ಥನೆಯೇ ತಪ್ಪಾಗಿತ್ತು. ಸಂಶಯ ಬಂದರೆ ಮೊದಲು ಎಲ್ಲಿ ನೋಡಬೇಕು ಎಂಬುದನ್ನು ಕೋಡೇ ತೋರಿಸುವುದು ದೊಡ್ಡ ಅನುಕೂಲ. ಈ ಸಿವಿಇ ಪ್ರಕಟವಾದ ದಿನವೇ ಸಿ ಭಾಗದಲ್ಲಿ 159 ಸಿವಿಇ ದಾಖಲಾದವು ಎಂದು ಕೆಲವರು ಎದೆ ತಟ್ಟಿಕೊಂಡರು. ಸಿ ಕೋಡ್ ಎಷ್ಟೋ ಪಟ್ಟು ದೊಡ್ಡದಿರುವಾಗ ಆ ಹೋಲಿಕೆ ನಿಲ್ಲುವುದಿಲ್ಲ, ನೀವು ಅದನ್ನು ಬಳಸಬೇಡಿ.

ಕೇಳುವುದಾದರೆ ಚಿಕ್ಕದನ್ನು ಕೇಳಿ. ಓಡುತ್ತಿರುವ ಡ್ರೈವರನ್ನು ತಿರುಗಿ ಬರೆಯುವ ಮಾತೇ ಬೇಡ. ಮುಂದಿನ ಹೊಸ, ಸಣ್ಣ ಡ್ರೈವರ್ ಒಂದನ್ನು ಆರಿಸಿ. ಅದು ಸೇರುವ ವಿಭಾಗದಲ್ಲಿ ಸಿ ಕೋಡನ್ನು ರಸ್ಟ್‌ನಿಂದ ಬಳಸಲು ಬೇಕಾದ ಹೊದಿಕೆ ಕೋಡ್ ಇದೆಯೇ ನೋಡಿ. ಸಿಪಿಯು ವೇಗ ನಿಯಂತ್ರಿಸುವ ವಿಭಾಗದಲ್ಲಿ ಅದನ್ನು ನಮ್ಮ ದೇಶದವರೇ ಆದ ವಿರೇಶ್ ಕುಮಾರ್ ಬರೆದರು, 2025ರಲ್ಲಿ 6.16ಕ್ಕೆ ಸೇರಿತು. ಹೊದಿಕೆ ಇಲ್ಲದಿದ್ದರೆ ಮೊದಲು ಅದನ್ನೇ ಬರೆಯಬೇಕಾಗುತ್ತದೆ, ಆ ಕೆಲಸ ಡ್ರೈವರ್‌ಗಿಂತ ದೊಡ್ಡದು. ನಿಮ್ಮ ಚಿಪ್ 64 ಬಿಟ್ ಆರ್ಮ್ ಆಗಿದ್ದರೆ ರಸ್ಟ್ ಬೆಂಬಲ ಇದೆ. ಹಳೆಯ, ಅಪರೂಪದ ಜಾತಿಯದಾಗಿದ್ದರೆ ಸದ್ಯ ಸಿಯೇ ಗತಿ.

ಪ್ರಶ್ನೆ: ನನ್ನದು ಹಳೆಯ ಆಂಡ್ರಾಯ್ಡ್ ಫೋನ್. ಅಂಗಡಿಯ ಫೋನ್‌ಪೇ, ಗೂಗಲ್‌ಪೇ ಎಲ್ಲ ಅದರಲ್ಲೇ. ಇಲ್ಲಿ ನೆಟ್‌ವರ್ಕ್ ಬಂದಾಗ ಬಂತು, ಹೋದಾಗ ಹೋಯಿತು. ಹೊಸ ಭಾಷೆಯ ಆಂಡ್ರಾಯ್ಡ್ ಬಂದರೆ ಈ ಅಪ್‌ಡೇಟ್ ರಗಳೆ ತಪ್ಪುತ್ತದಾ?
— ಕಿರಾಣಿ ಅಂಗಡಿಯವರು, ಕಳಸ

ಉತ್ತರ: ತಪ್ಪುವುದಿಲ್ಲ. ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಮೆಮೊರಿ ತಪ್ಪಿನ ಪಾಲು 2019ರಲ್ಲಿ ಶೇ. 76 ಇದ್ದದ್ದು 2024ಕ್ಕೆ ಶೇ. 24ಕ್ಕೆ ಇಳಿಯಿತು ಎಂದು ಗೂಗಲ್ ಹೇಳಿದೆ. ಹಳೆಯದನ್ನು ಕೆದಕದೆ, ಹೊಸ ಕೋಡನ್ನು ಮಾತ್ರ ರಸ್ಟ್‌ನಂಥ ಭಾಷೆಗಳಲ್ಲಿ ಬರೆದದ್ದರ ಫಲ ಅದು. ಆದರೆ ಆ ಒಳ್ಳೆಯದು ನಿಮ್ಮ ಕೈಗೆ ಬರಬೇಕಾದರೆ ಅಪ್‌ಡೇಟ್ ಮೂಲಕವೇ ಬರಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒತ್ತಿ, ಸೆಕ್ಯುರಿಟಿ ಅಪ್‌ಡೇಟ್ ಎದುರಿನ ದಿನಾಂಕ ನೋಡಿ. ಕೆಲವೇ ತಿಂಗಳ ಹಿಂದಿನದಾದರೆ ಚಿಂತೆಯಿಲ್ಲ, ರಾತ್ರಿ ವೈಫೈ ಇರುವ ಕಡೆ ಅಪ್‌ಡೇಟ್ ಇಳಿಯಲು ಬಿಡಿ. ವರ್ಷಗಳ ಹಿಂದಿನದಾಗಿದ್ದು ಕಂಪನಿ ಹೊಸದನ್ನು ಕಳಿಸುವುದನ್ನೇ ನಿಲ್ಲಿಸಿದ್ದರೆ, ಹಣದ ಆ್ಯಪ್‌ಗಳನ್ನು ಅದರಿಂದ ತೆಗೆದು, ಅಪ್‌ಡೇಟ್ ಸಿಗುವ ಬೇರೆ ಫೋನಿಗೆ ಹಾಕಿಕೊಳ್ಳಿ. ಹಳೆಯದನ್ನು ಮಾತಾಡಲು ಇಟ್ಟುಕೊಳ್ಳಬಹುದು.